ಗಜ ಹಾಕದೆ ಹೂವಿಲ್ಲ

ತಪ್ಪು ನನ್ನದೇ ಮಾರಾಯ್ರೆ, ಮೊದಲೇ ಒಪ್ಪಿಕೊಂಡು ಬಿಡ್ತೇನೆ. ಈ ಬಾಯಿ ಉಂಟಲ್ಲ, ಇದು ಸುಮ್ಮನೆ ಕೂರುವ ಜಾತಿಯದ್ದಲ್ಲ. ಅವತ್ತು ಚಾಯ ಕುಡಿದು ನನ್ನಷ್ಟಕ್ಕೆ ಸ್ಟೋರಿಗೆ ಹೋಗಿದ್ದರೆ ಕುಶಾಲನಿಗೆ ಆ ಫಜೀತಿ ಬರ್ತಿರಲಿಲ್ಲ.

ನಾನು ರೋಹಿದಾಸ, ಮೂಲ್ಕಿ ಕಡೆಯವ. ಇಲ್ಲಿ ಗಲ್ಫಿನಲ್ಲಿ, ಸಬ್ಹಾನಿನ ಅಲ್ಯೂಮಿನಿಯಂ ಕಿಟಕಿ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಸ್ಟೋರ್ ಕೀಪರ್. ಕುಶಾಲ ಅದೇ ಫ್ಯಾಕ್ಟರಿಯಲ್ಲಿ ಇಂಜಿನಿಯರ್, ಕೊಡಗಿನವ. ಮೈದಾನ್ ಹವಲ್ಲಿಯಲ್ಲಿ ಇಬ್ಬರದ್ದೂ ಒಂದೇ ಕಟ್ಟಡ. ಅವನ ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ, ಹತ್ತು ವರ್ಷದ ಮಗಳು ಪಾವನಾ. ಕುಶಾಲ ಆಳು ಆರಡಿ, ಮೀಸೆ ನೋಡಿದರೆ ಹುಲಿ. ಆದರೆ ಹೋಟೆಲಿಗೆ ಕರಕೊಂಡು ಹೋದರೆ ಮೆನು ಎರಡು ಸಲ ಓದಿ, ಕೊನೆಗೆ "ರೋಹಿದಾಸಣ್ಣ, ನಿಮಗೆ ಎಂತ ಹೇಳಿದ್ರಿ? ನನಗೂ ಅದೇ ಇರಲಿ" ಅನ್ನುವವ. ಮನೆಗೆ ಬೀಗ ಹಾಕಿ ಲಿಫ್ಟಿನವರೆಗೆ ಬಂದು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ವಾಪಸ್ ಓಡುವವ. ಎಷ್ಟೋ ಸಲ ನಾನು ಕೆಳಗೆ ಕಾರು ಸ್ಟಾರ್ಟ್ ಮಾಡಿ ಬೈದದ್ದುಂಟು.

ಅವನ ಮೇಜಿನ ಮೇಲೆ ಒಂದು ಫೋಟೋ. ಮೈಮೇಲೆ ಕುಪ್ಯ ಅನ್ನುವ ಕಪ್ಪು ನಿಲುವಂಗಿ, ಸೊಂಟದಲ್ಲಿ ಪೀಚೆಕತ್ತಿ, ಹೆಗಲಿಗೆ ಕೋವಿ. ಊರಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ, ಅಂದರೆ ಅವರ ಆಯುಧ ಪೂಜೆಗೆ, ತೆಗೆದದ್ದಂತೆ. ಒಂದು ದಿನ ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅಬ್ದುಲ್ ಲತೀಫ್ ಅದನ್ನು ನೋಡಿದರು; ನಾವೆಲ್ಲ ಬಾಬಾ ಅನ್ನುವುದು. ಮನುಷ್ಯ ಒಳ್ಳೆಯವರು, ಆದರೆ ಕೋವಿ ಅಂದರೆ ಹುಚ್ಚು.

"ಇವನು ಶಿಕಾರಿಯಾ?" ಅಂತ ಕೇಳಿದರು.

ನಾನು ಚಾಯ ಲೋಟ ಹಿಡಿದು ನಿಂತವ ಬಾಯಿ ಹಾಕಿದೆ. "ಬಾಬಾ, ಇವರಲ್ಲಿ ಗಂಡು ಹುಟ್ಟಿದರೆ ಆಕಾಶಕ್ಕೆ ಗುಂಡು ಹಾರಿಸ್ತಾರೆ. ಇವನಂತೂ ತೆಂಗಿನಕಾಯಿಗೆ ಗುರಿ ಇಟ್ಟು ಪ್ರೈಜ್ ತೆಗೆದವ!" ಆ ಪ್ರೈಜಿನ ಕಥೆ ನನಗೆ ಪಾವನಾ ಹೇಳಿದ್ದು. ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗ್ತಿದ್ದಳು.

ಕುಶಾಲ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದೆ ಉಂಟು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಮ್ಮ ಬಾಬಾ. ಅಲ್ಲೇ ಕುರ್ಚಿ ಎಳೆದು ಕೂತರು. ಅವರಿಗೆ ನಳಿಗೆಯ ಬಾಯಿಂದ ಮದ್ದು ತುಂಬಿಸುವ ಕೋವಿಯೇ ಬೇಕಂತೆ. ಕಣ್ಣಿಟ್ಟದ್ದು ಎರಡರ ಮೇಲೆ. ಒಂದು, ಹಳೇ ಸಾಮಾನಿನ ವ್ಯಾಪಾರಿ ನೋಡಲಿಕ್ಕೆ ಅಂತ ವಫ್ರಾದ ಅವರ ತೋಟದಲ್ಲಿ ಬಿಟ್ಟು ಹೋದ ಚಕಮಕಿ ಕಲ್ಲಿನ ಕೋವಿ, ಮುತ್ತಜ್ಜಂದಿರ ಕಾಲದ್ದು. ಇನ್ನೊಂದು ಹೊಸ ಮಾದರಿಯದ್ದು, ಇನ್‌ಲೈನ್ ಅಂತೆ. ಸ್ನೇಹಿತರೊಬ್ಬರು ಲೈಸೆನ್ಸ್ ಕಾಗದ ಸಮೇತ ತಂದು ತೋರಿಸ್ತಾರೆ. "ಬರುವ ಶುಕ್ರವಾರ ಮಗಳನ್ನೂ ಕರಕೊಂಡು ಬಾ. ಕುಶಾಲ್, ನೀನು ಯಾವುದು ಹೇಳ್ತೀಯೋ ಅದು. ಖಲಾಸ್!"

ಸಂಜೆ ಕುಶಾಲ ನನ್ನನ್ನು ಟೆರೇಸಿಗೆ ಕರೆದ. ಬೈಯಲಿಕ್ಕೆ ಅಂತ ಅಂದುಕೊಂಡೆ.

"ರೋಹಿದಾಸಣ್ಣ, ನಾನು ಜನ್ಮದಲ್ಲಿ ಒಂದು ಗುಂಡೂ ಹೊಡೆದವನಲ್ಲ."

"ಎಂತದ್ದು?"

"ಒಂದೂ ಇಲ್ಲ. ಎಂಟು ವರ್ಷದವ ಇದ್ದಾಗ ಚಿಕ್ಕಪ್ಪ ಜಗಲಿಯಲ್ಲಿ ಕೂತು ಕೋವಿ ಒರೆಸ್ತಿದ್ದರು. ಖಾಲಿ ಉಂಟು, ಹೆದರಬೇಡ ಅಂದರು. ನಾನು ಬಾಗಿಲಲ್ಲಿ ನಿಂತಿದ್ದೆ." ಅಷ್ಟು ಹೇಳಿ ತಿರುಗಿ ಕೆಳಗಿನ ರಸ್ತೆ ನೋಡಿದ. "ಆಮೇಲೆ ಅವರ ಸಾವಿಗೇ ಆಕಾಶಕ್ಕೆ ಎರಡು ಗುಂಡು ಹಾರಿಸಿದರು, ನಮ್ಮಲ್ಲಿ ಯಾರಾದರೂ ಹೋದರೆ ಹಾಗೆ. ಆ ಫೋಟೋಕ್ಕೆ ನಿಲ್ಲುವಾಗಲೂ ನನ್ನ ಬೆನ್ನು ಬೆವರಿ ಒದ್ದೆಯಾಗಿತ್ತು."

"ಮತ್ತೆ ತೆಂಗಿನಕಾಯಿ ಪ್ರೈಜು?"

"ಪಾವನಾ ಸಣ್ಣವಳಿದ್ದಾಗ ಒಂದು ರಾತ್ರಿ ಹೆದರಿ ಅಳ್ತಿದ್ದಳು. ಧೈರ್ಯಕ್ಕೆ ಅಂತ ಹೇಳಿದ ಸುಳ್ಳು. ಅದನ್ನೇ ಹಿಡಕೊಂಡಿದ್ದಾಳೆ. ಅಪ್ಪ ಒಂದು ವಿಷಯಕ್ಕಾದರೂ ಗಟ್ಟಿಗ ಅಂತ ಅವಳಿಗುಂಟು ಅಣ್ಣ. ಶುಕ್ರವಾರ ಅದೂ ಹೋಗ್ತದೆ."

ನನಗೆ ನನ್ನ ನಾಲಿಗೆ ಕಡಿದುಕೊಳ್ಳುವ ಹಾಗೆ ಆಯ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಹಿರಿಯರು ಸುಮ್ಮನೆ ಹೇಳಿದ್ದಾ?

ಸರಿ, ಐದು ದಿನ ಉಂಟು, ಕಲಿಯುವ ಅಂತ ಮೊಬೈಲ್ ಹಿಡಿದು ಕೂತೆವು. ಕಲಿತಷ್ಟೂ ಮಂಡೆ ಹಾಳು. ಚಕಮಕಿ ಕೋವಿಯಲ್ಲಿ ಕಲ್ಲು ಕಚ್ಚಿಕೊಂಡ ಕುದುರೆ, ಅಂದರೆ ಮೇಲಿನ ಸಣ್ಣ ಸುತ್ತಿಗೆ, ಉಕ್ಕಿಗೆ ಬಡಿಯಬೇಕು, ಕಿಡಿ ಹಾರಬೇಕು, ಕಿಡಿ ಸಣ್ಣ ತೂತಲ್ಲಿ ಒಳಗೆ ಹೋಗಿ ಮದ್ದಿಗೆ ತಾಗಬೇಕು. ಗಾಳಿ ಬಂದರೆ ಕಷ್ಟ, ಒದ್ದೆಯಾದರೆ ಅದರ ಕಥೆ ಮುಗೀತು. ಇನ್‌ಲೈನಿನಲ್ಲಿ ಕಿಡಿ ಕೊಡುವ ಕೇಪು ಮದ್ದಿನ ನೇರ ಹಿಂದೆಯೇ ಕೂರ್ತದೆ, ದುರ್ಬೀನು ಉಂಟು, ಪ್ಲಾಸ್ಟಿಕ್ ಹಿಡಿ ಉಂಟು. ಆದರೂ ತುಂಬಿಸುವುದು ಬಾಯಿಂದಲೇ!

"ಇಷ್ಟೆಲ್ಲ ಹೊಸತು ಮಾಡಿದವರಿಗೆ ಹಿಂದಿನಿಂದ ತುಂಬಿಸ್ಲಿಕ್ಕೆ ಎಂತ ರೋಗ?" ಅಂತ ನನಗೆ ಸಿಟ್ಟೇ ಬಂತು.

"ಹಳತರ ಖುಷಿ ಬೇಕು, ಹಳತರ ಉಪದ್ರ ಬೇಡ ಅಂತ ಇರ್ಬೇಕು," ಅಂದ ಕುಶಾಲ. ಆಮೇಲೆ ಅವನಿಗೇ ಅನುಮಾನ. "ಅಥವಾ ಅಲ್ವೋ ಏನೋ."

ಅವನ ಮನೆಯದ್ದು ಕೇಪಿನ ಕೋವಿ, ಅತ್ತ ಕಲ್ಲಿನದ್ದೂ ಅಲ್ಲ, ಇತ್ತ ಇನ್‌ಲೈನೂ ಅಲ್ಲ. ಹಾಗಾಗಿ ಊರಲ್ಲಿ ಕಂಡದ್ದೂ ಉಪಯೋಗಕ್ಕೆ ಬರಲಿಲ್ಲ. ಸೋಮವಾರ ಕಲ್ಲಿನದ್ದು ಅಂದ, ಮಂಗಳವಾರ ಹೊಸತು ಅಂದ, ಬುಧವಾರ ಜ್ವರ ಬಂದ ಹಾಗೆ ನಾಟಕ ಮಾಡುವ ಅಂದ. ನಾನು ಕೊನೆಗೆ ಹೇಳಿಕೊಟ್ಟೆ: "ನೋಡು, ಎರಡನ್ನೂ ತಿರುಗಿಸಿ ನೋಡು, ಹ್ಞೂಂ ಅನ್ನು, ಮೀಸೆ ಮುಟ್ಟಿಕೋ, ಹಳತೇ ಇರಲಿ ಬಾಬಾ ಅನ್ನು. ಮುಗೀತು."

ಶುಕ್ರವಾರ ವಫ್ರಾಕ್ಕೆ ಹೋದೆವು. ಚಳಿಗಾಲ, ಒಳ್ಳೆ ಬಿಸಿಲು. ಟೊಮೆಟೋ ಬೆಳೆಯುವ ಪ್ಲಾಸ್ಟಿಕ್ ಮನೆಗಳ ಆಚೆ ಬಾಬಾರ ದಿವಾನಿಯಾ, ಗಂಡಸರು ಕೂತು ಹರಟುವ ದೊಡ್ಡ ಕೋಣೆ. ಹಳೇ ಕೋವಿ ಗೋಡೆಯ ಮೊಳೆಯಲ್ಲಿ ತೂಗ್ತಿತ್ತು. ಕೆಳಗೆ ಮೇಜಿನಲ್ಲಿ ಹೊಸತು, ಪಕ್ಕದಲ್ಲಿ ಅದರ ಕಾಗದ ಹಿಡಿದು ಬಾಬಾರ ಸ್ನೇಹಿತರು.

ಬಾಬಾ ಹಳತನ್ನು ಇಳಿಸಿ ಕುಶಾಲನ ಕೈಗೆ ಕೊಟ್ಟರು. ಅವನು ಹಣೆಗೆ ಮುಟ್ಟಿಸಿಕೊಂಡ. ಅಭ್ಯಾಸ ಬಲ. ಎಲ್ಲರೂ "ಮಾಶಾ ಅಲ್ಲಾ" ಅಂದರು. ಅವನೋ, ಬೇಗ ಬೇಗ ಮೇಜಿನ ಮೇಲಿಟ್ಟು, ಹೊಸತನ್ನು ಹಿಡಿದು ಹ್ಞೂಂ ಅಂದ, ಮೀಸೆ ಮುಟ್ಟಿಕೊಂಡ. ನನ್ನ ಶಿಷ್ಯ! ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ ಮಕ್ಕಳು ಒಳಗೆ ಬಂದರು. ಬಾಬಾರ ಮೊಮ್ಮಗಳು ಶಹಲಾ, ಆರೇಳು ವರ್ಷ ಇರಬಹುದು, ಹಳೇ ಕೋವಿಯ ಹಿಡಿ ಹತ್ತಿರ ನಿಂತು ಎರಡೂ ಕೈಯಲ್ಲಿ ಕುದುರೆ ಹಿಂದಕ್ಕೆ ಎಳೆಯಲಿಕ್ಕೆ ಶುರು ಮಾಡಿದಳು. "ದಿನಾ ಇಳಿಸಿಕೊಡಲೇಬೇಕು, ಎರಡು ವಾರದಿಂದ ಇದೇ ಆಟ," ಅಂತ ಬಾಬಾ ನಗಾಡಿದರು. "ಟಕ್ ಅಂತ ಕಿಡಿ ಹಾರ್ತದೆ, ಇವಳಿಗೆ ಖುಷಿ." ಪಾವನಾ ಅಂಗಳದಿಂದ ಒಂದು ಕೆಂಪು ಹೂ ಕಿತ್ತು ತಂದಿದ್ದಳು. ಹಬ್ಬದ ದಿನ ಅಜ್ಜಿ ಕೋವಿಯ ನಳಿಗೆಗೆ ಹೂ ಸಿಕ್ಕಿಸುವುದನ್ನು ನೋಡಿದವಳು ಅಲ್ವಾ. "ಪಪ್ಪಾ, ಟೇಕ್ ಅ ಫೋಟೋ!" ಅಂತ ನಳಿಗೆಯ ಬಾಯಿಗೆ ಮುಖ ತಂದು ಬಗ್ಗಿದಳು.

"ಪಾವನಾ! ಗಜ ಹಾಕದೆ ಹೂ ಇಡಬಾರದು!"

ಹತ್ತು ವರ್ಷದಲ್ಲಿ ಕುಶಾಲ ಅಷ್ಟು ದೊಡ್ಡಕ್ಕೆ ಕೂಗಿದ್ದು ನಾನು ಕೇಳಿಲ್ಲ. ಶಹಲಾ ಹೆದರಿ ಕೈ ಬಿಟ್ಟಳು. ಕುದುರೆ ಪೂರ್ತಿ ಏರಿರಲಿಲ್ಲ, ನಮ್ಮ ಪುಣ್ಯ. ಕುಶಾಲ ಮಗಳನ್ನು ಪಕ್ಕಕ್ಕೆ ಎಳೆದ. ಆಮೇಲೆ ಎಲ್ಲರೂ ತನ್ನನ್ನೇ ನೋಡ್ತಿದ್ದಾರೆ ಅಂತ ಗೊತ್ತಾಗಿ ನಾಚಿ ಕೆಂಪಾದ. "ಸಾರಿ ಬಾಬಾ. ನಮ್ಮ ಅವ್ವ ಕಾವೇರಮ್ಮನ ನೇಮ ಇದು. ಚಿಕ್ಕಪ್ಪ ಹೋದ ಮೇಲೆ, ಗಜ ಹಾಕಿ ನೋಡದೆ ಯಾವ ಕೋವಿಗೂ ಹೂ ಇಡ್ತಿರಲಿಲ್ಲ."

ಗಜ ಅಂದರೆ ಮದ್ದು ಜಡಿಯುವ ಕೋಲು. ನಳಿಗೆಯ ಕೆಳಗೆ ಸಿಕ್ಕಿಸಿದ್ದನ್ನು ಎಳೆದು, ಮೊದಲು ಹೊರಗಿನಿಂದ ಉದ್ದಕ್ಕೆ ಇಟ್ಟು ನೋಡಿದ. ಕಿಡಿ ಹೋಗುವ ತೂತಿನವರೆಗೆ ಸರಿಯಾಗಿ ಬಂತು. ಆಮೇಲೆ ಬಾಯಿಂದ ಒಳಗೆ ಬಿಟ್ಟ. ಪೂರ್ತಿ ಒಳಗೆ ಹೋಗಬೇಕಾದದ್ದು ನಾಲ್ಕು ಬೆರಳಷ್ಟು ಹೊರಗೇ ಉಳಿಯಿತು.

ಕಸ ಇರಬಹುದು ಅಂದೆ ನಾನು. ಅವನು ತೆಗೆದು ಇನ್ನೊಮ್ಮೆ ಬಿಟ್ಟ. ನಾಲ್ಕು ಬೆರಳು.

"ಬಾಬಾ, ಮಕ್ಕಳನ್ನು ಹೊರಗೆ ಕಳಿಸಿ. ಇದರ ಒಳಗೆ ಗುಂಡು ಉಂಟು."

ಬಾಬಾರ ಸ್ನೇಹಿತರು ಅಲ್ಲಿಂದಲೇ ಪೊಲೀಸಿಗೆ ಫೋನ್ ಮಾಡಿದರು. ಯಾವ ಕಾಲದಲ್ಲಿ ಯಾರು ತುಂಬಿಸಿ ಮರೆತದ್ದೋ! ಎರಡು ವಾರ ಆ ಮಗು ಅದಕ್ಕೆ ಕಿಡಿ ತೋರಿಸಿದೆ. ಆ ಸಣ್ಣ ತೂತಲ್ಲಿ ತುಂಬಿದ್ದ ತುಕ್ಕೇ ಮಗುವನ್ನು ಕಾಪಾಡಿದ್ದು ಅಂತ, ಪೊಲೀಸಿನವರ ಜೊತೆ ಬಂದ ತಜ್ಞರು ಸಂಜೆ ಮದ್ದು, ಗುಂಡು ತೆಗೆದು ತೋರಿಸಿ ಹೇಳಿದರು. ಬಾಬಾ ಶಹಲಾಳನ್ನು ಎತ್ತಿಕೊಂಡವರು ಅಲ್ಲಿಯವರೆಗೂ ಕೆಳಗೆ ಇಳಿಸಲಿಲ್ಲ. ಆಮೇಲೆ ಬಂದು ಕುಶಾಲನ ನೆತ್ತಿಗೆ ಮುತ್ತಿಟ್ಟರು.

"ನೀನು ನಿಜವಾದ ಉಸ್ತಾದ್. ಹೇಳು, ಯಾವುದು ತಗೊಳ್ಳಲಿ?"

ಹೊಸತು ಅನ್ನು ಮಾರಾಯ, ಅಂತ ನಾನು ಕಣ್ಣಲ್ಲೇ ಹೇಳಿದೆ. ಗೌರವ ಉಳೀತದೆ, ಮಗಳ ಎದುರೂ ಉಳೀತದೆ.

ಅವನು ಮಗಳನ್ನು ಒಮ್ಮೆ ನೋಡಿದ. "ನನಗೆ ಗೊತ್ತಿಲ್ಲ ಬಾಬಾ. ನಾನು ಒಂದು ಗುಂಡೂ ಹೊಡೆದವನಲ್ಲ. ತೆಂಗಿನಕಾಯಿ ಕಥೆ ಸುಳ್ಳು. ನನಗೆ ಕೋವಿ ಅಂದರೆ ಹೆದರಿಕೆ."

ಬಾಬಾ ಯಾವುದನ್ನೂ ತಗೊಳ್ಳಲಿಲ್ಲ. ಗೋಡೆಯಲ್ಲಿ ಈಗ ಆ ಮೊಳೆ ಮಾತ್ರ ಉಂಟು.

ವಾಪಸ್ ಬರುವಾಗ ಕಾರು ನಾನೇ ಬಿಟ್ಟೆ. ಹಿಂದಿನ ಸೀಟಲ್ಲಿ ಅಪ್ಪ, ಮಗಳು. ಪಾವನಾ ನಮ್ಮ ಹತ್ತಿರ ಯಾವಾಗಲೂ ಇಂಗ್ಲಿಷೇ. ಅರ್ಧ ದಾರಿ ಕಿಟಕಿಯ ಆಚೆ ನೋಡ್ತಿದ್ದಳು. ಆಮೇಲೆ ಮುಷ್ಟಿ ಬಿಡಿಸಿದಳು. ಬಾಡಿ ಮುದ್ದೆಯಾದ ಹೂ, ಅವತ್ತಿಡೀ ಬಿಟ್ಟಿರಲಿಲ್ಲ.

"ಪಪ್ಪಾ, ಈಗ ಇಡಬಹುದಾ?" ಅಂತ ಕನ್ನಡದಲ್ಲೇ ಕೇಳಿ, ಉತ್ತರಕ್ಕೂ ಕಾಯದೆ ಅವನ ಅಂಗಿಯ ಕಿಸೆಗೆ ಸಿಕ್ಕಿಸಿದಳು.