ಹೂವಿನಕ್ಕ ಅಳಲಿಲ್ಲ

ಮೊನ್ನೆ ಸೋಮವಾರ ಒಬ್ಬ ಹುಡುಗಿ ನನ್ನ ಮೇಜಿನ ಮೇಲೆ ಒದ್ದೆ ಬಟ್ಟೆಯ ಗಂಟು ಇಟ್ಟಳು. ಒಳಗೆ ಮಲ್ಲಿಗೆ ಇದೆಯೆಂದು ಹೂವಿನಹಡಗಲಿಯಲ್ಲಿ ಯಾರೂ ಹೇಳಬೇಕಾಗಿಲ್ಲ. ಆದರೆ ಹೂವಿನ ಘಮಕ್ಕಿಂತ ಮೊದಲು ನನ್ನ ಮೂಗಿಗೆ ತಾಗಿದ್ದು ಅದನ್ನು ಕಟ್ಟಿದ ಬಾಳೆನಾರಿನ ವಾಸನೆ. ನೀರಲ್ಲಿ ನೆನೆದು ತುಸು ಹುಳಿಯಾದ ಆ ವಾಸನೆ... ಎಷ್ಟೋ ವರ್ಷ ನನ್ನ ದವಾಖಾನೆಯ ಕಟ್ಟೆಯ ಮೇಲೆ ಅದೇ ಇತ್ತು.

ಆಯುರ್ವೇದ ಓದಿ ಬಂದು ನಾನು ದವಾಖಾನೆ ತೆರೆದ ಹೊಸದು. ಹೂ ಮಾರುವ ಹೆಂಗಸೊಬ್ಬಳು ಬಂದು, "ಇಲ್ಲಿ ನೆಳ್ಳು ಚೊಲೋ ಐತಿ, ಕೂತು ಕಟ್ಕೊಳ್ಳೇನ್ರಿ?" ಎಂದು ಕೇಳಿದಳು. ಹಾಗೆ ಕೂತವಳು ಆ ಕಟ್ಟೆಯವಳೇ ಆಗಿಬಿಟ್ಟಳು. ಊರೆಲ್ಲ ಹೂವಿನಕ್ಕ ಎನ್ನುತ್ತಿತ್ತು, ನಾನೂ ಹಾಗೇ ಅಂದೆ. ಹೂವನ್ನು ಎರಡೂ ಕೈ ಚಾಚಿ ಮಾರು ಹಾಕುವಾಗ "ನಿನ್ನ ಮಾರು ಗಿಡ್ಡ" ಎಂದು ಗಿರಾಕಿಗಳು ಜಗಳಕ್ಕೆ ನಿಂತರೆ, "ನಿಮ್ಮ ಕೈಲೇ ಹಾಕ್ಕೊಳ್ರಿ" ಎಂದು ಮಾಲೆಯನ್ನೇ ಅವರಿಗೆ ಕೊಡುತ್ತಿದ್ದಳು. ಅವಳು ಸಿಟ್ಟಾದದ್ದನ್ನು ನಾನು ನೋಡಿಲ್ಲ.

ನನಗೆ ಬಾಯಿ ಜಾಸ್ತಿ. ಬಂದವರಿಗೆಲ್ಲ ಔಷಧಿಗಿಂತ ಮೊದಲು ಪಾಠ. ದೇಹ ಕೆಡಿಸುವವು ವಾತ, ಪಿತ್ತ, ಕಫ. ಮನಸ್ಸು ಕೆಡಿಸುವವು ರಜಸ್ಸು, ತಮಸ್ಸು. ಸಿಟ್ಟು, ಹಪಾಹಪಿ ಎಲ್ಲ ರಜಸ್ಸು. ಮಂಕು, ಜಡತನ ತಮಸ್ಸು. ಎರಡೂ ತಗ್ಗಿ ಮನಸ್ಸು ತಿಳಿಯಾದರೆ ಅದೇ ಸತ್ವ. ಯಾರಿಗಾದರೂ ಅರ್ಥವಾಗದಿದ್ದರೆ ಕಟ್ಟೆಯ ಕಡೆ ಬೆರಳು ತೋರಿಸುತ್ತಿದ್ದೆ. "ಅಕ್ಕನ್ನ ನೋಡ್ರಿ, ಸತ್ವ ಅಂದ್ರ ಅದು." ಹೂವಿನಕ್ಕ ತಲೆ ತಗ್ಗಿಸಿ ನಗುತ್ತಿದ್ದಳು.

ಕೊಟ್ಟೂರಿಗೆ ಕೊಟ್ಟಿದ್ದ ಅವಳ ಒಬ್ಬಳೇ ಮಗಳು ಜ್ವರ ಬಂದು ತೀರಿಕೊಂಡಳು. ದಿನಕರ್ಮ ಮುಗಿದ ಮರುದಿನವೇ ಅಕ್ಕ ಕಟ್ಟೆಗೆ ಬಂದು ಕೂತಳು, ಕಣ್ಣಲ್ಲಿ ಒಂದು ಹನಿ ಇಲ್ಲ. ನಾನು ಬೆರಗಾಗಿಹೋದೆ. ಅಂದಿನಿಂದ ದವಾಖಾನೆಯೊಳಗೆ ಯಾರಾದರೂ ಕಣ್ಣೊರೆಸಿಕೊಂಡರೆ ಸಾಕು, "ಹೊರಗ ಕೂತಾಕಿನ್ನ ನೋಡು, ಮಗಳ್ನ ಮಣ್ಣು ಮಾಡಿ ಬಂದಾಳ, ಅತ್ತಾಳೇನು?" ಎನ್ನುತ್ತಿದ್ದೆ. ಅದು ಹೊರಗೆ ಅವಳಿಗೂ ಕೇಳಿಸುತ್ತಿತ್ತು. ನನ್ನ ಬಾಯಿಗೆ ಮಣ್ಣು ಹಾಕ!

ಆ ದಿನಗಳಲ್ಲಿ ಅವಳ ಮಾಲೆ ಬದಲಾಯಿತು. ನಾರನ್ನು ಎಷ್ಟು ಬಿಗಿಯಾಗಿ ಎಳೆಯುತ್ತಿದ್ದಳೆಂದರೆ ತೊಟ್ಟು ತುಂಡಾಗಿ ಮೊಗ್ಗುಗಳು ಮುಡಿದವರ ಹೆಗಲ ಮೇಲೆ ಉದುರುತ್ತಿದ್ದವು. ಗಿರಾಕಿಗಳು ಬೈದರು. "ಯಾಕಕ್ಕ, ನಾರು ಒಂಚೂರು ಸಡ್ಲ ಬಿಡು" ಎಂದೆ ನಾನು, ಅಷ್ಟೇ. ದಿನವಿಡೀ ಊರವರ ನಾಡಿ ಹಿಡಿಯುತ್ತಿದ್ದವಳು ನಾನು, ಆ ಕೈ ಹಿಡಿದು ನೋಡಲಿಲ್ಲ.

ಒಂದು ಮಧ್ಯಾಹ್ನ ಅವಳು ಪೇಷಂಟುಗಳ ನಡುವೆ ಕೂತು, ಸರದಿ ಬಂದಾಗ ಒಳಗೆ ಬಂದಳು.

"ಡಾಕ್ಟ್ರಮ್ಮ, ನಿದ್ದಿ ಬರವಲ್ದುರಿ. ಎದಿಯಾಗ ಏನೋ ಸಿಕ್ಕೊಂಡಂಗ ಆಗೈತಿ. ಏನಾರ ಕೊಡ್ರಿ."

ನಾನು ನಕ್ಕುಬಿಟ್ಟೆ. "ನಿಂಗ ಔಷಧಿ? ನೀನ ನಮಗ ಔಷಧಿ ಇದ್ದಂಗ ಅದೀಯಲ್ಲ!"

ಬಾಗಿಲಲ್ಲಿದ್ದವರು ನಕ್ಕರು. ಅವಳೂ ನಕ್ಕಳು. ಸೆರಗು ಸರಿಮಾಡಿಕೊಂಡು ಎದ್ದುಹೋದಳು... ಕಟ್ಟೆಗೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಮೈಲಾರದ ಕಡೆ ತಂಗಿಯ ಊರಿಗೆ ಹೋದಳೆಂದು ಯಾರೋ ಅಂದರು. ಹೋಗಿ ನೋಡಿಬರಬೇಕು ಅಂದುಕೊಂಡೆ. ಬಸ್ಸು ಹತ್ತಿದರೆ ಎಷ್ಟು ಮಹಾ ದೂರ? ಹೋಗಲಿಲ್ಲ.

ನಾಚಿಕೆಗೇಡಿನ ಸಂಗತಿಯೆಂದರೆ, ನಾನು ಓದಿದ ಶಾಸ್ತ್ರದಲ್ಲೇ ತಡೆಯಬಾರದ ವೇಗಗಳು, ಅಂದರೆ ದೇಹದ ಒತ್ತಡಗಳು ಅಂತ ಇವೆ. ಹಸಿವು, ಬಾಯಾರಿಕೆ, ನಿದ್ದೆ, ಸೀನು, ಆಕಳಿಕೆ. ಆ ಸಾಲಿನಲ್ಲೇ ಕಣ್ಣೀರೂ ಇದೆ, ತಡೆದರೆ ಎದೆಗೆ ರೋಗ ಎಂದೂ ಇದೆ. ಪರೀಕ್ಷೆಯಲ್ಲಿ ಅದನ್ನು ಒಂದೂ ತಪ್ಪಿಲ್ಲದೆ ಬರೆದಿದ್ದೆ.

ಸೋಮವಾರ ಬಂದ ಹುಡುಗಿ ಹೂವಿನಕ್ಕನ ತಂಗಿಯ ಮಗಳು. ದೊಡ್ಡವ್ವ ಕಳೆದ ದೀಪಾವಳಿಗೆ ಮುಂಚೆ ಎದೆನೋವು ಬಂದು ತೀರಿಕೊಂಡಳು ಎಂದಳು. ನನಗೆ ಗೊತ್ತೇ ಇರಲಿಲ್ಲ. ಅದಕ್ಕೂ ಮೊದಲೇ ಈ ಹುಡುಗಿ ಹೊಟ್ಟೆಯಲ್ಲಿನ ಕೂಸನ್ನು ಕಳೆದುಕೊಂಡಿದ್ದಳು, ಅಂದಿನಿಂದ ನಿದ್ದೆ ಇಲ್ಲ. ಇಷ್ಟು ದೂರ ನನ್ನ ಹತ್ತಿರವೇ ಯಾಕೆ ಬಂದೆ ಎಂದು ಕೇಳಿದೆ.

"ದೊಡ್ಡವ್ವ ಹೇಳಿದ್ಲುರಿ. ಆ ಡಾಕ್ಟ್ರಮ್ಮ ಭಾಳ ಚೊಲೋ ಅದಾಳ, ಕೈಗುಣ ಐತಿ, ಹೋಗು ಅಂದ್ಲು. ಆದ್ರ..." ಹುಡುಗಿ ಗಂಟಿನ ತುದಿ ತಿರುವಿದಳು. "ಅಕಿ ಮುಂದ ಗಟ್ಟಿಯಾಗಿ ಕೂತ್ಕಬ್ಯಾಡ, ಹೋದ ಕೂಡ್ಲೆ ಅತ್ತುಬಿಡು, ಇಲ್ಲಾಂದ್ರ ನಿಂಗೇನೂ ಆಗಿಲ್ಲ ಅಂದ್ಕೊಂತಾಳ ಅಂತಂದ್ಲುರಿ."

ಅಷ್ಟು ಹೇಳಿ ಅವಳು ಅಳಲು ಶುರುಮಾಡಿದಳು. ನಾನೆದ್ದು ಬಾಗಿಲು ಮುಂದೆ ಮಾಡಿದೆ. ಹೊರಗೆ ಜನ ಕಾಯುತ್ತಿದ್ದರು, ಕಾಯಲಿ. ಪಾಠ ಹೇಳದೆ ಅವಳ ಕೈ ಹಿಡಿದು ಕೂತೆ, ಆ ಬೆರಳುಗಳಲ್ಲೂ ಅದೇ ನಾರಿನ ವಾಸನೆ...

ಹೂವಿನಕ್ಕ ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಭಾಳ ಚೊಲೋ ಅದಾಳ ಅಂದಳಂತೆ.