ಗಾಡಿ ಸಿಗಲಿಲ್ಲ ಅಂತ ಹೇಳಿದ್ದು

ಆ ವರ್ಷ ನಾತಾಳದ, ಅಂದರೆ ಕ್ರಿಸ್ಮಸ್ಸಿನ, ಸೂಟಿಗೆ ಮಕ್ಕಳನ್ನು ಬೈಲಹೊಂಗಲದ ನನ್ನ ತವರಿಗೆ ಕರಕೊಂಡು ಹೋಗುವುದೆಂದು ದೀಪಾವಳಿಯಲ್ಲೇ ಮಾತಾಗಿತ್ತು. ನಾವಿದ್ದದ್ದು ರಾಮದುರ್ಗದಲ್ಲಿ, ಯಜಮಾನರು ಅಲ್ಲಿ ಸಾಲಿ ಮಾಸ್ತರರು. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ನನ್ನ ತಾಯಿಯನ್ನು ಅವರು ಆಯಿ ಅನ್ನುತ್ತಿದ್ದರು. ಆಯಿ ಹೊಲದಲ್ಲಿ ಕೂಡಿಸಿಕೊಂಡು ಎಳೆ ಜೋಳದ ತೆನೆ ಸುಟ್ಟು, ತಿಕ್ಕಿ, ಬಿಸಿಬಿಸಿ ಸೀತನಿ ಕೊಡುತ್ತಾಳೆಂದು ಮಗಳು ತಮ್ಮನಿಗೆ ದಿನಾ ಹೇಳುತ್ತಿದ್ದಳು.

ಹೊರಡಲು ಎರಡು ದಿನವಿರುವಾಗ ನನ್ನ ಅಣ್ಣನ ಕಾಗದ ಬಂತು. ಯಜಮಾನರು ಓದಿ, ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು: ಅಲ್ಲಿ ಇಲಿ ಸತ್ತು ಬೀಳತೊಡಗಿವೆ, ಪ್ಲೇಗು ಬಂದಿದೆ, ಮನೆಯವರೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾರೆ, ಬರಬೇಡಿರಿ ಅಂತ ಬರೆದಿದ್ದಾರೆ. ಹಿಂದಿನ ಸಲ ಆ ಬ್ಯಾನಿ ಬಂದಾಗ ತವರಿನ ನಮ್ಮ ಓಣಿಯಲ್ಲೇ ಒಂದು ಮನೆಯಲ್ಲಿ ದೀಪ ಹಚ್ಚುವವರು ಉಳಿದಿರಲಿಲ್ಲ.

ಮಕ್ಕಳು ಬಂದು ಕೇಳಿದಾಗ ಖರೇ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಅದು ನಮ್ಮ ಹೊಸ್ತಿಲನ್ನೂ ದಾಟಿ ಬರುತ್ತದೇನೋ ಅನಿಸಿತು. ಗಾಡಿ ಸಿಗಲಿಲ್ಲ ಅಂದುಬಿಟ್ಟೆ. ಮಗ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಎಂದೂ ಕೈ ಎತ್ತದ ನಾನು ಅವನ ಬೆನ್ನಿಗೊಂದು ಕೊಟ್ಟೆ. ಮಗಳು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

ಮರುದಿನ ರೊಟ್ಟಿ ಬಡಿದು ಎದ್ದು ನೋಡಿದರೆ ಇಬ್ಬರೂ ಇಲ್ಲ. ಹಿತ್ತಲಲ್ಲಿ ನೋಡಿದೆ, ನೆರೆಮನೆಯಲ್ಲಿ ಕೇಳಿದೆ, ಬಾವಿಯೊಳಗೂ ಬಗ್ಗಿ ನೋಡಿದೆ. ಯಜಮಾನರು ಪ್ಯಾಟಿ ಕಡೆ ಓಡಿದರು, ನಾನು ಬೈಲಹೊಂಗಲಕ್ಕೆ ಹೋಗುವ ಸವದತ್ತಿ ದಾರಿ ಹಿಡಿದೆ. ಸೆರಗು ಜಾರಿದ್ದೂ ಗೊತ್ತಾಗಲಿಲ್ಲ.

ಊರ ಹೊರಗೆ ಹಳ್ಳದ ದಂಡೆಯಲ್ಲಿ ಒಂದು ಖಾಲಿ ಎತ್ತಿನ ಗಾಡಿ ನಿಂತಿತ್ತು. ಅದರಲ್ಲಿ ನನ್ನ ಇಬ್ಬರೂ ಮಕ್ಕಳು ಶೇಂಗಾ ತಿನ್ನುತ್ತ ಕುಳಿತಿದ್ದರು. ಮಗಳ ತೊಡೆಯ ಮೇಲೆ ಬಟ್ಟೆಯ ಗಂಟು. ನನ್ನನ್ನು ಕಂಡವಳೇ ನಕ್ಕಳು.

"ಅವ್ವಾ, ಗಾಡಿ ಸಿಕ್ಕೈತಿ."

ಗಾಡಿಯವರು ಹತ್ತಿ ಸಾಗಿಸುವ ಮುದುಕರು, ರಾಮದುರ್ಗದವರೇ ಆದ ಸಾಬರು. ಮಕ್ಕಳು ಬೈಲಹೊಂಗಲಕ್ಕೆ ಕರಕೊಂಡು ಹೋಗೆಂದು ಗಂಟುಬಿದ್ದಿದ್ದರಿಂದ, ಯಾರಾದರೂ ಹುಡುಕಿ ಬಂದಾರೆಂದು ಕೂಡಿಸಿಕೊಂಡಿದ್ದರಂತೆ. ಎಲ್ಲಿಂದ ಬಂದಿರಿ ಅಂತ ಕೇಳಿದೆ. ಅವರು ತಲೆ ತಗ್ಗಿಸಿದರು.

"ಬೈಲಹೊಂಗಲದಿಂದನ ಬಂದೇನ್ರಿ ಅಕ್ಕಾರ. ಊರೊಳಗ ಕಾಲಿಟ್ಟಿಲ್ಲ. ಹೊರಗ ಹತ್ತಿ ಇಳಿಸಿ ಹೊಳ್ಳಿ ಬಂದೇನಿ."

ಮಕ್ಕಳನ್ನು ಕಸಿದುಕೊಂಡು, ಶೇಂಗಾ ಚೆಲ್ಲಿಸಿ, ಒಂದು ಒಳ್ಳೆಯ ಮಾತನ್ನೂ ಆಡದೆ ಬಂದುಬಿಟ್ಟೆ. ಆ ಮುದುಕರಿಗೆ ಕೆಟ್ಟ ಅನಿಸಿರಬೇಕು. ಆಗ ನನಗೆ ಅದರ ಖಬರೇ ಇರಲಿಲ್ಲ.

ಬೇವಿನ ಎಲೆ ಹಾಕಿ ಕುದಿಸಿದ ನೀರಲ್ಲಿ ಇಬ್ಬರನ್ನೂ ತಿಕ್ಕಿ ತೊಳೆದೆ. ಅವರ ಬಟ್ಟೆ ಒಲೆಗೆ ಹಾಕುವಾಗ ಮಗಳು, ನಾ ಏನ ತಪ್ಪ ಮಾಡೇನಿ ಅಂತ ಅಂಜುತ್ತ ಕೇಳಿದಳು. ಆಗ ಅವಳನ್ನು ಹತ್ತಿರ ಕೂಡಿಸಿಕೊಂಡು ಎಲ್ಲ ಹೇಳಿದೆ. ಗಾಡಿ ಸಿಗಲಿಲ್ಲ ಅಂದದ್ದು ಸುಳ್ಳು ಅಂತಲೂ ಹೇಳಿದೆ.

"ಆಯಿ ಸಾಯತಾಳೇನು?"

"ಗೊತ್ತಿಲ್ಲವ್ವ. ನನಗೂ ಅಂಜಿಕಿ ಆಗೈತಿ."

ಆಗ ಅವಳು ಅತ್ತಳು. ನಾನೂ ಅತ್ತೆ. ಮಗನಿಗೆ ಏನೂ ತಿಳಿಯದಿದ್ದರೂ ಬಂದು ನನ್ನ ಕೊರಳಿಗೆ ಬಿದ್ದ. ಆಮೇಲೆ ದಿನಾ ಸಂಜೆಯಾದೊಡನೆ ಅವನು ಆಯಿಯ ಮನೆ ಬೇಕೆಂದು ಅಳುತ್ತಿದ್ದ. ಸುಮ್ಮನಿರು ಅನ್ನುವುದನ್ನು ಬಿಟ್ಟು, ನನಗೂ ಬೇಕಾಗೈತಿ ಅನ್ನುತ್ತಿದ್ದೆ. ಅತ್ತು ಅತ್ತು ತಾನೇ ಉಣ್ಣಲು ಏಳುತ್ತಿದ್ದ.

ಹತ್ತು ಹನ್ನೆರಡು ದಿನ ಮುಂಜಾನೆ ಎದ್ದೊಡನೆ ಇಬ್ಬರ ಬಗಲು, ತೊಡೆಸಂದು ಮುಟ್ಟಿ ಪ್ಲೇಗಿನ ಗಂಟು ಎದ್ದಿದೆಯೋ ಎಂದು ನೋಡುತ್ತಿದ್ದೆ. ಮಗನಿಗೆ ಕಚಗುಳಿ, ಅವನು ಕಿಲಕಿಲ ನಗುತ್ತಿದ್ದ. ಮಗಳು ಮಾತ್ರ ಉಸಿರು ಹಿಡಿದು, ನನ್ನ ಕಣ್ಣನ್ನೇ ನೋಡುತ್ತ ಕೈ ಎತ್ತಿ ನಿಲ್ಲುತ್ತಿದ್ದಳು.

ಅವರಿಗೆ ಏನೂ ಆಗಲಿಲ್ಲ. ಸಂಕ್ರಮಣ ಕಳೆದ ಮೇಲೆ ಕಾಗದ ಬಂತು. ನನ್ನ ಅವ್ವ ಉಳಿದಿದ್ದಳು, ಅಣ್ಣನ ಹೆಂಡತಿ ಹೋಗಿದ್ದಳು. ಅದನ್ನು ಮಗಳಿಗೆ ಅದೇ ದಿನ ಹೇಳಿದೆ. ಮುಂದೆ ಬಹಳ ದಿನ, ನಾನು ಏನೇ ಹೇಳಲಿ, ಅವಳು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಖರೇನ ಅಂತ ಕೇಳುತ್ತಿದ್ದಳು.