ಸೋಡಾ ಅಂಗಡಿಯ ಗ್ಯಾಸು, ನನ್ನ ಹೆಂಡತಿಯ ಕಾರು

ನನ್ನ ಹೆಂಡತಿ ವಾರದ ದಿನಗಳಲ್ಲಿ ಶಾಲೆಯ ವ್ಯಾನು ಓಡಿಸುತ್ತಾಳೆ. ಮಕ್ಕಳನ್ನು ತುಂಬಿಕೊಂಡು ಗೋವಾದ ಮಂಗೋರ್ ಹಿಲ್‌ನ ಇಳಿಜಾರನ್ನು ಅವಳು ಎಷ್ಟು ನಿಧಾನವಾಗಿ ಇಳಿಯುತ್ತಾಳೆಂದರೆ, ಹಿಂದಿನ ಸ್ಕೂಟರಿನವರು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾಗುತ್ತಾರೆ. ಅದೇ ಹೆಂಗಸು ರೇಸಿನ ದಿನ ಹೆಲ್ಮೆಟ್ ಹಾಕಿಕೊಂಡು ನಮ್ಮ ಹಳೆಯ ಟರ್ಬೊ ಕಾರಿನಲ್ಲಿ ಕೂತರೆ ನಾನು ಮನೆದೇವರನ್ನು ನೆನೆಯುತ್ತೇನೆ. ನನ್ನದು ಝುವಾರಿನಗರದ ರಸ್ತೆಯಲ್ಲಿ ಗ್ಯಾರೇಜು. ಕಾರು ಕಟ್ಟುವವನು ನಾನು, ಓಡಿಸುವವಳು ಅವಳು. ನನಗೇನೂ ಬೇಜಾರಿಲ್ಲ, ನಾನು ಓಡಿಸಿದರೆ ಹೇಗಿರುತ್ತದೆ ಎಂಬುದನ್ನು ಇಬ್ಬರೂ ಒಮ್ಮೆ ನೋಡಿಯಾಗಿದೆ.

ಊರಾಚೆಯ ಒಂದು ನೇರ ರಸ್ತೆಯನ್ನು ಒಂದು ದಿನದ ಮಟ್ಟಿಗೆ ಮುಚ್ಚಿ ಅಲ್ಲಿ ಡ್ರ್ಯಾಗ್ ರೇಸು ನಡೆಸುತ್ತಾರೆ. ಎರಡು ಕಾರು ಒಟ್ಟಿಗೆ ಹೊರಡುತ್ತವೆ, ಮೊದಲು ಗೆರೆ ದಾಟಿದ್ದು ಗೆದ್ದಂತೆ. ಒಂದು ವರ್ಷ ಅವಳು ಅರ್ಧ ದಾರಿಯವರೆಗೆ ಮುಂದಿದ್ದು ಕೊನೆಗೆ ಹಿಂದೆ ಬಿದ್ದಳು. ಮುಂದಿನ ಸಲವೂ ಅದೇ ಕಥೆ. ಗ್ಯಾರೇಜಿನಿಂದ ಗ್ಯಾರೇಜಿಗೆ ಒಂದು ಮಾತು ಓಡಾಡಿತು: ಹೆಂಗಸಲ್ಲವೇ, ಹೆದರಿ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದಳು. ತಪ್ಪು ಕಾರಿನದು ಎಂದು ನಾನು ಹೇಳಿದರೆ, "ಕುಣಿಯಾಕ ಬರದಾಕಿಗೆ ಅಂಗಳ ಡೊಂಕಂತ" ಎಂದು ನಕ್ಕರು. ಗದಗದ ಕಡೆಯ ನಮ್ಮವರೇ ನಕ್ಕರು, ಅದೇ ಹೆಚ್ಚು ಉರಿದದ್ದು.

ಅವಳು ಅತ್ತವಳಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಅಂದು ಓಣಿಗೆಲ್ಲ ಕೇಳಿಸಿತು.

"ಸೋತಿದ್ದಕ್ಕ ಸಿಟ್ಟಿಲ್ರೀ," ಎಂದಳು. "ನಾ ಕಾಲ ತಗದಿಲ್ಲ. ತಗದ್ಲು ಅಂತಾರಲ್ಲ, ಅದು ಹೊಟ್ಟ್ಯಾಗ ಕುಂತೈತಿ. ಮುಂದಿನ ಸಲ ಕಾರು ನಡುವ ಸಾಯಬಾರದು. ಅಷ್ಟ ಮಾಡಿ ಕೊಡ್ರಿ."

ಕಾರು ನಡುವೆ ಯಾಕೆ ಸಾಯುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ, ಎಂಜಿನ್ನಿಗೇ ಹೆಚ್ಚು ಗಾಳಿ ತುರುಕುವ ಯಂತ್ರ. ಹೊಗೆ ಅತಿಯಾದರೆ ಹೊರಗೆ ಬಿಡಲು ಒಂದು ಪುಟ್ಟ ಬಾಗಿಲಿರುತ್ತದೆ. ಆ ಬಾಗಿಲನ್ನು ಬೇಕಾದಷ್ಟು ಹೊತ್ತು ತೆರೆಯದಂತೆ ಒತ್ತಿ ಹಿಡಿಯಲು ಬೇರೊಂದು ಸಿಲಿಂಡರಿನ ಗ್ಯಾಸು ಬೇಕು. ನಾವು ಗ್ಯಾರೇಜಿನ ಕಂಪ್ರೆಸರಿನಿಂದ ಸಣ್ಣ ಟ್ಯಾಂಕಿಗೆ ಗಾಳಿ ತುಂಬಿಕೊಂಡು ಹೋಗುತ್ತಿದ್ದೆವು. ಬಳಸಿದಂತೆಲ್ಲ ಅದರ ಒತ್ತಡ ಇಳಿಯುತ್ತಿತ್ತು, ಅರ್ಧ ದಾರಿ ದಾಟುತ್ತಲೇ ಬಾಗಿಲು ತಾನೇ ತೆರೆದುಕೊಂಡು ಎಂಜಿನ್ನಿನ ಬಲ ಕುಸಿಯುತ್ತಿತ್ತು. ಕಾಲು ತೆಗೆದದ್ದು ಗಾಳಿ, ಹೆಸರು ಕೆಟ್ಟದ್ದು ನನ್ನ ಹೆಂಡತಿಯದು.

ಹಾಗಾದರೆ ಯಾವ ಗ್ಯಾಸು? ನಮ್ಮ ಮನೆಯಲ್ಲಿ ಹುಡುಗಿಗೆ ವರ ನೋಡುವಾಗಲೂ ಇಷ್ಟು ಚರ್ಚೆ ಆಗಿರಲಿಲ್ಲ. ದೊಡ್ಡ ಗಾಳಿ ಟ್ಯಾಂಕು ಇಡೋಣವೆಂದರೆ ತೂಕ; ಮೇಲಾಗಿ ಈ ಗೋವಾದ ಗಾಳಿಯಲ್ಲಿ ಅರ್ಧ ನೀರು, ಟ್ಯಾಂಕಿನ ತಳ ತುಕ್ಕು ಹಿಡಿದು ಆ ಪುಡಿ ವಾಲ್ವಿಗೆ ಬಂದು ಕೂರುತ್ತದೆ. ನೈಟ್ರೋಜನ್ ನನ್ನ ಮನಸ್ಸಿಗೆ ಬಂದಿತ್ತು. ಒಣ ಗ್ಯಾಸು, ಬಿಸಿಲಿಗೆ ಹೆಚ್ಚು ಕುಣಿಯುವುದಿಲ್ಲ. ಆದರೆ ಅದೂ ಬಳಸಿದಂತೆ ಇಳಿಯುವುದೇ. ಸಾಕಷ್ಟು ಹಿಡಿಸಬೇಕೆಂದರೆ ಬಹಳ ಒತ್ತಿ ತುಂಬಬೇಕು, ಅದಕ್ಕೆ ದಪ್ಪ ಉಕ್ಕಿನ ಸಿಲಿಂಡರು ಬೇಕು.

ನಾನು ಇದನ್ನೆಲ್ಲ ವಿವರಿಸುತ್ತ ಕೂತಿದ್ದು ನಮ್ಮವ್ವನ ಸೋಡಾ ಅಂಗಡಿಯ ಕಟ್ಟೆಯ ಮೇಲೆ. ಅವ್ವ ಗದಗದಿಂದ ಬಂದಾಗಿನಿಂದ ಮಂಗೋರ್ ಹಿಲ್‌ನಲ್ಲಿ ಲಿಂಬೆ ಸೋಡಾ ಮಾರುತ್ತಿದ್ದಾಳೆ. ಅವಳ ಬೆನ್ನ ಹಿಂದೆಯೇ ಸೋಡಾ ಗ್ಯಾಸಿನ ಸಿಲಿಂಡರು ನಿಂತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದು ನನ್ನನ್ನೇ ನೋಡಿ ಹೇಳಿದ್ದಿರಬೇಕು. ಮೊದಲು ನೋಡಿದವಳು ನನ್ನ ಹೆಂಡತಿ.

"ಅತ್ತಿ, ಸೋಡಾದ ಗ್ಯಾಸು ದಿನಾ ಬಳಸ್ತೀರಲ್ಲ, ರಭಸ ಕಡಿಮಿ ಆಗ್ತತೇನ್ರಿ?"

"ಎಲ್ಲೀದಬೇ! ಕಡೀತನಕಾ ಒಂದ ನಮೂನಿ ಹೊಡಿತತಿ. ಮುಗಿಯಾಕ ಬಂದಾಗ ಒಮ್ಮಿಗೇ ಸುಸ್ತಾಗ್ತತಿ."

ಅಷ್ಟೇ ಸಾಕಾಯಿತು. ಸೋಡಾದ ಗ್ಯಾಸು, ಅಂದರೆ ಇಂಗಾಲದ ಡೈಆಕ್ಸೈಡು, ಸಿಲಿಂಡರಿನೊಳಗೆ ದ್ರವವಾಗಿ ಕೂತಿರುತ್ತದೆ. ಮೇಲಿನ ಗ್ಯಾಸು ಹೋದಂತೆಲ್ಲ ಕೆಳಗಿನ ದ್ರವ ಆವಿಯಾಗಿ ಆ ಜಾಗ ತುಂಬುತ್ತದೆ. ದ್ರವ ಇರುವ ತನಕ ಒತ್ತಡಕ್ಕೆ ಕೊರತೆಯಿಲ್ಲ, ಚಿಕ್ಕ ಸಿಲಿಂಡರಿನಲ್ಲೂ ಬೇಕಾದಷ್ಟು ಹಿಡಿಸುತ್ತದೆ. ಬಿಸಿಲಿಗೆ ಒತ್ತಡ ಏರುತ್ತದೆ ನಿಜ, ಆದರೆ ನೆರಳಲ್ಲಿಟ್ಟು ನಡುವೆ ರೆಗ್ಯುಲೇಟರು ಕೂರಿಸಿದರೆ ಆಯಿತು. ಸೋಡಾ ಗ್ಯಾಸಿನ ಡೀಲರಿನಿಂದಲೇ ಒಂದು ಪುಟ್ಟ ಅಲ್ಯುಮಿನಿಯಂ ಸಿಲಿಂಡರು ತುಂಬಿಸಿ ತಂದೆವು. ಚಾಲಕನ ಪಕ್ಕದ ಸೀಟಿನ ಮುಂದೆ ಅದನ್ನು ನೆಟ್ಟಗೆ ನಿಲ್ಲಿಸಿ, ಪಟ್ಟಿಯಿಂದ ಬಿಗಿದೆ. ಅವ್ವ ಅದಕ್ಕೆ ಕುಂಕುಮ ಹಚ್ಚಿದಳು. ರೇಸಿಗೆ ತಾನೂ ಬರುತ್ತೇನೆಂದು ಹಟ ಹಿಡಿದಳು, ಗ್ಯಾಸು ಅವಳ ಕಡೆಯದಲ್ಲವೇ!

ರೇಸಿನ ದಿನ ತಪಾಸಣೆ ಮುಗಿಯಿತು. ನಾನು ಹೆಂಡತಿಯೊಡನೆ ಟಯರುಗಳ ಗಾಳಿ ನೋಡುತ್ತಿದ್ದಾಗ ಅವ್ವ ಬಿಸಿಲು ತಾಳಲಾರದೆ ಕಾರಿನೊಳಗೆ ಹೋಗಿ ಕೂತಳು. ಅಭ್ಯಾಸದ ಓಟಕ್ಕೆ ಕರೆದಾಗ ಅವಳು ಇಳಿದಳು, ನನ್ನ ಹೆಂಡತಿ ಅವಸರದಲ್ಲಿ ಹತ್ತಿದಳು. ಹೊರಟ ಕಾರು ಸ್ವಲ್ಪ ದೂರಕ್ಕೇ ಕೆಮ್ಮಿ, ಮುದಿ ಎಮ್ಮೆಯಂತೆ ನಡೆಯತೊಡಗಿತು. "ಮತ್ತ ಕಾಲ ತಗದ್ಲು ನೋಡ್ರಿ" ಎಂದು ಹಗ್ಗದಾಚೆ ಯಾರೋ ಕೂಗಿದರು. ಹಿಂತಿರುಗಿ ಬಂದವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಕಾರಿನ ಬಾಗಿಲು ತೆಗೆದು ನೋಡಿದರೆ ರೆಗ್ಯುಲೇಟರಿನ ಮೇಲೆ ಬೆಳ್ಳಗೆ ಹಿಮ ಕಟ್ಟಿದೆ. ಸಿಲಿಂಡರು ಅಡ್ಡ ಮಲಗಿದೆ! ಉರುಳದಂತೆ ಮಗ್ಗುಲಿಗೆ ಒಂದು ಟವೆಲ್ಲು, ಮೇಲೆ ಬಿಗಿದ ಪಟ್ಟಿ. ಟವೆಲ್ಲು ನಮ್ಮ ಮನೆಯದು.

"ಯವ್ವಾ, ಇದನ್ನ ಯಾರು ಮಲಗ್ಸಿದ್ರಬೇ?"

"ನಾನಪಾ. ಪಟ್ಟಿ ಬಿಚ್ಚಿ ಎತ್ತಿ ನೋಡಿದ್ರ ಭಾಳ ಹಗೂರ ಇತ್ತು, ಗ್ಯಾಸ್ ಮುಗಿಯಾಕ ಬಂದೈತಿ ಅನ್ಕೊಂಡೆ. ಮನ್ಯಾಗ ಅಡಿಗಿ ಗ್ಯಾಸ್ ಮುಗಿಯಾಕ ಬಂದ್ರ ಮಲಗಸ್ತೀವಲ್ಲೋ, ಇನ್ನೊಂದೆರಡು ಹೊತ್ತು ಅನ್ನ ಆಗ್ತತಿ!"

ಅವಳು ಕೊಟ್ಟ ಕಾರಣಕ್ಕೆ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಸಿಲಿಂಡರನ್ನು ಎತ್ತಿ ತೂಗಿ ನೋಡುವುದು ಅಂಗಡಿಯ ಪದ್ಧತಿ, ಮುಗಿಯುವಾಗ ಮಲಗಿಸುವುದು ಅಡಿಗೆಮನೆಯ ಪದ್ಧತಿ. ಅಲ್ಯುಮಿನಿಯಂ ಉಕ್ಕಿಗಿಂತ ಹಗುರ ಎಂದು ಅವಳಿಗೆ ನಾವು ಹೇಳಿರಲೇ ಇಲ್ಲ. ಮಲಗಿಸಿದ್ದಕ್ಕೆ ಗ್ಯಾಸಿನ ಬದಲು ದ್ರವವೇ ನುಗ್ಗಿ, ವಾಲ್ವು ಹೆಪ್ಪುಗಟ್ಟಿ ನಿಂತಿತ್ತು. ನನ್ನ ಹೆಂಡತಿ ಅತ್ತೆಯನ್ನೊಮ್ಮೆ, ಹಿಮವನ್ನೊಮ್ಮೆ ನೋಡಿ ಬಿದ್ದು ಬಿದ್ದು ನಕ್ಕಳು. "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರ. ನನ್ನ ಕಾಲ ಯಾವಾಗ ಬರ್ತೈತ್ರಿ ಅತ್ತಿ?" ಎಂದಳು. ಅವ್ವ ಹಣೆ ಚಚ್ಚಿಕೊಂಡು ತಾನೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ವಾಲ್ವು ಮುಚ್ಚಿ, ಕೊಳವೆಯಲ್ಲಿದ್ದುದನ್ನು ಹೊರಬಿಟ್ಟು, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿದೆ. ಚಹಾದ ಗಾಡಿಯಿಂದ ಅವ್ವ ಬಿಸಿನೀರು ತಂದಳು; ಬಟ್ಟೆ ಅದ್ದಿ ಅದ್ದಿ ಹಿಮ ಕರಗಿಸಿದೆವು. ಒರೆಸಿ, ಒಣಗಿಸಿ ಒಮ್ಮೆ ಗ್ಯಾಸು ಬಿಟ್ಟು ನೋಡಿದರೆ ಟರ್ಬೊದ ಪುಟ್ಟ ಬಾಗಿಲು ಟಪ್ಪೆಂದು ಮುಚ್ಚಿಕೊಂಡಿತು. ಆ ಸದ್ದಿಗೆ ನಾನು ಮಗುವಿನ ಹಾಗೆ ಕುಣಿದೆ.

ಅವಳ ಸರದಿ ಬಂದಾಗ ಎದುರಾಳಿ ಮಡಗಾಂವಿನ ಒಬ್ಬ ಗಟ್ಟಿ ಕುಳ. ಹಸಿರು ದೀಪ ಹತ್ತಿತು. ಅರ್ಧ ದಾರಿಗೆ ಇಬ್ಬರೂ ಸಮಸಮ. ಪ್ರತಿಸಲ ಕಾರು ಸಾಯುತ್ತಿದ್ದ ಜಾಗ ಬಂತು. ಅವ್ವ ನನ್ನ ತೋಳು ಹಿಡಿದಳು, ಉಗುರು ನೆಟ್ಟವು. ಟರ್ಬೊದ ಸಿಳ್ಳೆ ಇಳಿಯಲಿಲ್ಲ, ಏರುತ್ತಲೇ ಹೋಯಿತು. ನಮ್ಮ ಕಾರು ಪಕ್ಕದ ಕಾರನ್ನು ಹಿಂದೆ ಬಿಟ್ಟು, ಗೆರೆ ದಾಟಿ, ನಿಲ್ಲಬೇಕಾದ ಜಾಗವನ್ನೂ ದಾಟಿ, ತಿರುವಿನಾಚೆ ಕಾಣದಾಯಿತು.

ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಕ್ಕಿಲ್ಲ. ಅವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಓಡಿದೆ. ಹಗ್ಗದಾಚೆ ನಿಂತಿದ್ದವರೂ ಹಿಂದೆ ಬಂದರು. ತಿರುವಿನಲ್ಲಿ ಕಾರು ನಿಂತಿತ್ತು. ಕೆಂಪು ಬಾವುಟ ಹಿಡಿದ ವಯಸ್ಸಾದ ಮಾರ್ಷಲ್ಲು ಕಿಟಕಿಗೆ ಬಗ್ಗಿ, ಕೊಂಕಣಿಯಲ್ಲಿ ನನ್ನ ಹೆಂಡತಿಗೆ ಬೈಯುತ್ತಿದ್ದರು. ಗೆರೆ ದಾಟಿದ ಮೇಲಾದರೂ ಕಾಲು ತೆಗೆಯಬೇಡವೇ, ಇಷ್ಟೊಂದು ಹುಂಬತನ ಯಾಕೆ, ಹೆದರಿಕೆ ಎನ್ನುವುದೇ ಇಲ್ಲವೇ ಎಂದು.

ಅವಳು ಹೆಲ್ಮೆಟ್ ತೆಗೆದಳು. ಹಿಂದೆ ಬಂದು ನಿಂತ ಗುಂಪನ್ನು ನೋಡಿದಳು. ಆಮೇಲೆ ಕೊಂಕಣಿಯಲ್ಲೇ ಮಾರ್ಷಲ್ಲರನ್ನು ಬೇಡಿಕೊಂಡಳು: ಇನ್ನೊಮ್ಮೆ ಬೈಯಿರಿ, ಸ್ವಲ್ಪ ಜೋರಾಗಿ, ಇವರಿಗೆಲ್ಲ ಕೇಳಿಸಲಿ.

ಪಾಪ, ಅವರು ಇನ್ನೊಮ್ಮೆ ಬೈದರು.